ಸದ್ದಿಲ್ಲದ ಬೀದಿಯಲ್ಲೊಂದು ಮನೆ ಬೇಕು



ಆಟಿಸಂ ಇರುವ ಇಪ್ಪತ್ತೆರಡರ ಯುವಕನೊಬ್ಬನ ಬಗ್ಗೆ ಮೈಸೂರಿನಲ್ಲಿ ನಾವು ಕೆಲವರು ಸೇರಿ ಒಂದು ಕನ್ನಡ ಸಿನಿಮಾ ಮಾಡಲು ಹೊರಟಿದ್ದೇವೆ. ದೊಡ್ಡ ನಿರ್ಮಾಪಕರಿಲ್ಲ, ಸ್ಟಾರ್ ಇಲ್ಲ. ತಾಯಿ ಆಸ್ಪತ್ರೆ ಸೇರಿದ್ದಾಳೆ. ಒಂದು ವಾರ ಅವನನ್ನು ನೋಡಿಕೊಳ್ಳಲು ಸೋದರಮಾವ ಬರುತ್ತಾನೆ. ಕಥೆ ಇಷ್ಟೇ. ಹುಡುಗ ಗಣಿತದಲ್ಲಿ ಪ್ರಚಂಡನಲ್ಲ, ಕೊನೆಗೆ ವೇದಿಕೆ ಹತ್ತಿ ಬಹುಮಾನ ತೆಗೆದುಕೊಳ್ಳುವುದೂ ಇಲ್ಲ.

ಪವಾಡ ಬೇಡವೆಂದು ನಾವು ಹಟ ಹಿಡಿದಿರುವುದಕ್ಕೆ ಕಾರಣವಿದೆ. 1988ರಲ್ಲಿ ‘ರೇನ್ ಮ್ಯಾನ್’ ಬಂದಮೇಲೆ ಆಟಿಸಂ ಎಂದೊಡನೆ ಜನ ಅದ್ಭುತ ನೆನಪಿನ ಶಕ್ತಿಯನ್ನು ನಿರೀಕ್ಷಿಸತೊಡಗಿದರು. ಆ ಪಾತ್ರಕ್ಕೆ ಪ್ರೇರಣೆಯಾಗಿದ್ದ ಕಿಮ್ ಪೀಕ್‌ಗೆ ಇದ್ದದ್ದು ಆಟಿಸಂ ಅಲ್ಲ, ಬೇರೊಂದು ಸಿಂಡ್ರೋಮ್ ಇರಬೇಕು ಎಂದು ತಜ್ಞರು ಆಮೇಲೆ ಹೇಳಿದರೂ ಆ ನಿರೀಕ್ಷೆ ಹೋಗಲಿಲ್ಲ. ಮಗ ತಾನಾಗಿ ಅಂಗಿಯ ಗುಂಡಿ ಹಾಕಿಕೊಂಡ ಸಂತೋಷದಲ್ಲಿರುವ ತಾಯಿಯನ್ನು ಮದುವೆ ಮನೆಯಲ್ಲಿ ‘ಇವನಿಗೆ ಸ್ಪೆಷಲ್ ಟ್ಯಾಲೆಂಟ್ ಏನಿದೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಸೊಪ್ಪು ಹಾಕದ ಸಿನಿಮಾ ನಮ್ಮದಾಗಬೇಕು.

ಮುಖ್ಯ ಪಾತ್ರವನ್ನು ಆಟಿಸಂ ಇರುವವರೇ ಮಾಡಬೇಕು. ಇದರಲ್ಲಿ ರಾಜಿಯಿಲ್ಲ. 2021ರಲ್ಲಿ ಗಾಯಕಿ ಸಿಯಾ ನಿರ್ದೇಶಿಸಿದ ‘ಮ್ಯೂಸಿಕ್’ ಚಿತ್ರದಲ್ಲಿ ಆಟಿಸಂ ಇಲ್ಲದ ನಟಿ ಆ ಪಾತ್ರ ಮಾಡಿದ್ದನ್ನೂ, ಹುಡುಗಿಯನ್ನು ನೆಲಕ್ಕೆ ಒತ್ತಿ ಹಿಡಿಯುವ ದೃಶ್ಯಗಳನ್ನೂ ಆಟಿಸಂ ಇರುವವರು ಕಟುವಾಗಿ ವಿರೋಧಿಸಿದರು. ಅದಕ್ಕೂ ಮುಂಚೆ, 2017ರಲ್ಲೇ, ‘ಕೀಪ್ ದ ಚೇಂಜ್’ ಎಂಬ ಸಣ್ಣ ಅಮೆರಿಕನ್ ಚಿತ್ರ ನಾಯಕ ನಾಯಕಿ ಇಬ್ಬರ ಪಾತ್ರಕ್ಕೂ ಆಟಿಸಂ ಇರುವವರನ್ನೇ ಆರಿಸಿ ಟ್ರೈಬೆಕಾ ಉತ್ಸವದಲ್ಲಿ ಪ್ರಶಸ್ತಿ ಪಡೆದಿತ್ತು. ವೃತ್ತಿನಟರೇ ಬೇಕೆಂದಿಲ್ಲ ಎನ್ನಲು ಅಷ್ಟು ದೂರ ಯಾಕೆ, ಮಂಡ್ಯ ಜಿಲ್ಲೆಯ ಹಳ್ಳಿಯವರೇ ನಟಿಸಿದ ನಮ್ಮ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂತು.

ಇನ್ನು ಖರ್ಚಿನ ಮಾತು. ಕಡಿಮೆ ದುಡ್ಡಿನ ಸಿನಿಮಾದವರು ಸಾಮಾನ್ಯವಾಗಿ ಉಳಿಸುವುದು ದಿನಗಳಲ್ಲಿ: ಬೆಳಗ್ಗೆ ಆರಕ್ಕೆ ಶುರು, ರಾತ್ರಿಯವರೆಗೂ ದೃಶ್ಯದ ಮೇಲೆ ದೃಶ್ಯ. ನಮಗೆ ಆ ದಾರಿಯಿಲ್ಲ. ನಟ ಇವತ್ತು ಬೇಡ ಎಂದರೆ ಇವತ್ತು ಪ್ಯಾಕಪ್. ದಿನಕ್ಕೆ ನಾಲ್ಕು ತಾಸು ಕೆಲಸ, ಏನಾದ ಮೇಲೆ ಏನು ಎಂದು ಹಿಂದಿನ ದಿನವೇ ಚಿತ್ರಗಳಲ್ಲಿ ತೋರಿಸುವ ವೇಳಾಪಟ್ಟಿ, ಶೂಟಿಂಗ್ ಮುಗಿಯುವವರೆಗೂ ಅವೇ ಪರಿಚಯದ ಮುಖಗಳು. ಆದರೆ ಒಂದು ಅನುಕೂಲವೂ ಇದೆ. ಸದ್ದು, ಬೆಳಕು ತಾಳಲಾಗದವರಿಗೆ ಹಿಂಸೆ ಕೊಡುವಂಥವೇ ಸೆಟ್ಟಿನಲ್ಲಿ ದುಬಾರಿ: ಕಣ್ಣು ಕುಕ್ಕುವ ಲೈಟುಗಳು, ಜನರೇಟರ್, ಮೂವತ್ತು ನಲವತ್ತು ಜನರ ಗದ್ದಲ. ಅವನ್ನೆಲ್ಲ ಬಿಟ್ಟರೆ ಉಳಿಯುವುದು ಕಿಟಕಿಯ ಬೆಳಕು, ಆರೇಳು ಜನ, ಒಂದು ಕ್ಯಾಮೆರಾ. ಕ್ಲ್ಯಾಪ್ ಬೋರ್ಡ್ ಕೂಡ ಮುಖದೆದುರು ಫಟ್ಟೆನ್ನಬೇಕಿಲ್ಲ. ಟೇಕ್ ಮುಗಿದ ಮೇಲೆ ಮೆಲ್ಲಗೆ ತಟ್ಟಿದರೂ ಎಡಿಟಿಂಗಿನಲ್ಲಿ ಧ್ವನಿ, ದೃಶ್ಯ ಹೊಂದಿಕೊಳ್ಳುತ್ತವೆ. ‘ಆಕ್ಷನ್’ ಎಂಬ ಕೂಗೂ ಇರುವುದಿಲ್ಲ. ಅಲ್ಲಿ ಉಳಿದ ಹಣವನ್ನೆಲ್ಲ ದಿನಗಳಿಗೆ ಸುರಿಯುತ್ತೇವೆ.

ಅದಕ್ಕೇ ನಮ್ಮ ಮೊದಲ ಬೇಡಿಕೆ ಮನೆ. ವಾಹನ ಓಡಾಟ ಕಡಿಮೆ ಇರುವ ಬೀದಿಯಲ್ಲಿ, ಅಕ್ಕಪಕ್ಕ ಕಟ್ಟಡ ಕೆಲಸ ನಡೆಯದ, ಕಿಟಕಿಗಳು ಹೆಚ್ಚಿರುವ ಹಳೆಯ ಮನೆಯೊಂದನ್ನು ಎರಡು ತಿಂಗಳ ಮಟ್ಟಿಗೆ ಕೊಡಬಲ್ಲಿರಾ? ನಟ ಅಲ್ಲಿಗೆ ಮುಂಚಿತವಾಗಿ ಬಂದು ಓಡಾಡಿ, ತನಗೆ ಹಿತವಾದ ಮೂಲೆ ಯಾವುದೆಂದು ಕಂಡುಕೊಳ್ಳಬೇಕು. ದಿನ ಬಾಡಿಗೆಯ ಶೂಟಿಂಗ್ ಮನೆಯಲ್ಲಿ ಇದು ಆಗದು.

ಹದಿನೆಂಟು ದಾಟಿದ ಮಗನೋ ಮಗಳೋ ಆಟಿಸಂನೊಂದಿಗೆ ಬದುಕುತ್ತಿರುವ ಅಪ್ಪ ಅಮ್ಮಂದಿರೇ, ಮಾತಾಡದವರಿಗೂ, ಟೈಪ್ ಮಾಡಿಯೋ ಚಿತ್ರ ತೋರಿಸಿಯೋ ಹೇಳುವವರಿಗೂ ಈ ಚಿತ್ರದಲ್ಲಿ ಪಾತ್ರಗಳಿವೆ. ಆದರೆ ನಿಮ್ಮ ಒಪ್ಪಿಗೆಯೊಂದೇ ಸಾಲದು, ಅವರದೂ ಬೇಕು. ಸಂಭಾವನೆ ಉಳಿದ ನಟರಿಗೆ ಕೊಡುವಷ್ಟೇ. ಚಿತ್ರಕಥೆ ಓದಿ ‘ಹೀಗಿರುವುದಿಲ್ಲ’ ಎಂದು ಗೀಟು ಹಾಕಬಲ್ಲ ಆಟಿಸಂ ಇರುವ ಓದುಗರೂ ಬೇಕು. ಅಂಗವೈಕಲ್ಯವನ್ನು ತೆರೆಯ ಮೇಲೆ ತರುವಾಗ ಆ ಬದುಕು ಬಾಳುತ್ತಿರುವವರನ್ನು ಒಳಗೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಕೂಡ 2024ರ ಜುಲೈನಲ್ಲಿ, ‘ಆಂಖ್ ಮಿಚೋಲಿ’ ಚಿತ್ರದ ಪ್ರಕರಣದಲ್ಲಿ ಹೇಳಿದೆ.

ಹಣ ಕೇಳಲು ಸಂಕೋಚವಿಲ್ಲ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟದ್ದರಿಂದ 1976ರಲ್ಲಿ ‘ಮಂಥನ್’ ತೆರೆಗೆ ಬಂತು. 2013ರ ‘ಲೂಸಿಯಾ’ಕ್ಕೆ ಕನ್ನಡದ ಪ್ರೇಕ್ಷಕರೇ ಬಂಡವಾಳ ಹಾಕಿದರು. ನೂರು ರೂಪಾಯಿ ಕೊಟ್ಟವರಿಗೂ ಪೂರ್ತಿ ಲೆಕ್ಕ ಕೊಡುತ್ತೇವೆ.

ಚಿತ್ರಮಂದಿರದ ಮಾಲೀಕರಲ್ಲೂ ಒಂದು ಪ್ರಾರ್ಥನೆ: ದೀಪ ಪೂರ್ತಿ ಆರಿಸದೆ, ಸೌಂಡ್ ತಗ್ಗಿಸಿ, ಎದ್ದು ಓಡಾಡಿದರೂ ಯಾರೂ ಗದರಿಸದ ಒಂದು ಬೆಳಗಿನ ಆಟ ಕೊಡಿ. ಈ ಸಿನಿಮಾ ಯಾರ ಕುರಿತೋ ಅವರಿಗೇ ನೋಡಲಾಗದಿದ್ದರೆ ಹೇಗೆ?

ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮನೆ ಕೊಡುವವರು ಬೀದಿಯ ಹೆಸರಿನ ಜೊತೆಗೆ ಮಧ್ಯಾಹ್ನದ ಹೊತ್ತು ಅಲ್ಲಿ ಎಷ್ಟು ಸದ್ದಿರುತ್ತದೆ ಎಂಬುದನ್ನೂ ತಿಳಿಸಿ. ಮಳೆಗಾಲಕ್ಕೆ ಮೊದಲೇ ಮನೆ ಗೊತ್ತಾಗಬೇಕು.