ಬೀಗರ ಕಣ್ಣಿಗಾಗಿ ಕೊಳ್ಳುವ ಕಾರು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನಲವತ್ತೈದರ ಆಸುಪಾಸಿನ ಮನುಷ್ಯ, ಗೋವಿನಜೋಳ, ಹತ್ತಿ ಬೆಳೆಯುವ ರೈತ. ಮಗಳ ಮದುವೆ ಗೊತ್ತಾಗಿದೆ. ಚಹಾ ಕುಡಿದು ಮುಗಿಯುವವರೆಗೂ ಮಳೆ, ಬೆಳೆ ಎಂದು ಸುತ್ತಾಡಿ ಕಡೆಗೆ ವಿಷಯಕ್ಕೆ ಬಂದ. "ಸರ್, ನಿಮಗ ಗಾಡಿ ಬಗ್ಗೆ ಭಾಳ ಗೊತ್ತೈತಿ ಅಂತ ಬಂದೇನ್ರಿ. ಹುಡುಗನ ಕಡೆಯವರು ಕಾರ್ ಕೊಡಬೇಕು ಅಂದಾರ. ಸಣ್ಣದು ಬ್ಯಾಡಂತ, ಎತ್ತರದ್ದೇ ಆಗಬೇಕಂತ. ಶೋರೂಮ್ ರೇಟು ಹನ್ನೆರಡು ಲಕ್ಷದಾಗ ಯಾವುದು ಚಲೋ ಹೇಳ್ರಿ."

ದುಡ್ಡು ಎಲ್ಲಿಂದ ತರುತ್ತೀಯಪ್ಪಾ ಎಂದು ಕೇಳಿದೆ. ಎರಡು ಲಕ್ಷ ಕೈಯಲ್ಲಿದೆ, ಮಿಕ್ಕ ಹತ್ತು ಸಾಲ, ಸಾಲಕ್ಕೆ ಹೊಲ ಇದೆಯಲ್ಲ ಎಂದ. ನಮ್ಮ ಅಬಲೂರನ್ನು ಸರ್ವಜ್ಞನ ಹುಟ್ಟೂರು ಎನ್ನುತ್ತಾರೆ (ಮಾಸೂರಿನವರೂ ಅದೇ ಹಕ್ಕು ಸಾಧಿಸುತ್ತಾರೆ, ಆ ಜಗಳ ಇಲ್ಲಿ ಬೇಡ). ಸಾಲದ ಬಗ್ಗೆ ಅವನು ಹೇಳಿದ ತ್ರಿಪದಿಯನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಎದುರಿಗೆ ಕುಳಿತಿದ್ದವನು ಅದನ್ನು ತಪ್ಪಿಲ್ಲದೆ ಒಪ್ಪಿಸಿ ಅಂಕ ಗಳಿಸಿದವನೇ. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾರು ದ್ವೇಷಿಯಲ್ಲ ಎಂಬುದು ಈ ಪುಟವನ್ನು ಓದುತ್ತ ಬಂದವರಿಗೆ ಗೊತ್ತಿದೆ. ಬಾಲ್ಯದಲ್ಲಿ ಹಳ್ಳಿಗೆ ಅಂಬಾಸಿಡರ್ ಬಂದರೆ ಧೂಳಿನಲ್ಲಿ ಅದರ ಹಿಂದೆ ಓಡಿದವನು ನಾನು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ಗ್ರಾಹಕರ ಕೈಗಿತ್ತ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೆ. 1997ರಲ್ಲಿ ಅದೇ ಕಾರನ್ನು ಹಳೆಯದಾಗಿ ಕೊಂಡೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ ನಮ್ಮ ಐವರ ಕುಟುಂಬವನ್ನು ಬನವಾಸಿಗೂ ಕೂಡಲಸಂಗಮಕ್ಕೂ ಕೊಂಡೊಯ್ದಿದೆ. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಾಗ ಮನೆಯಲ್ಲಿ ಯಾರಿಗೋ ಏನೋ ಆದಂತೆ ಮಂಕಾಗಿ ಕುಳಿತಿದ್ದೆ. ಕಾರನ್ನು ಪ್ರೀತಿಸುವವನಾದ್ದರಿಂದಲೇ ಈಗ ನಮ್ಮ ಊರುಗಳಲ್ಲಿ ಕಾರು ಕೊಳ್ಳುವ ರೀತಿಯನ್ನು ಕಂಡು ಸಿಟ್ಟು ಬರುತ್ತದೆ. ಓಡಿಸುವುದಕ್ಕೆ ಕೊಳ್ಳುವವರು ಕಡಿಮೆಯಾಗಿದ್ದಾರೆ. ನಿಲ್ಲಿಸುವುದಕ್ಕೆ ಕೊಳ್ಳುವವರು ಹೆಚ್ಚಾಗಿದ್ದಾರೆ.

ಮೊದಲು ಲೆಕ್ಕ. ನಮ್ಮ ರಾಜ್ಯದಲ್ಲಿ ವರ್ಷಗಳಿಂದ ನಡೆದುಬಂದ ಪಟ್ಟಿಯ ಪ್ರಕಾರ ಕಾರಿನ ಆಜೀವ ತೆರಿಗೆ 5 ಲಕ್ಷದವರೆಗೆ ಶೇ. 13, ಅಲ್ಲಿಂದ 10 ಲಕ್ಷದವರೆಗೆ ಶೇ. 14, 10 ಲಕ್ಷ ದಾಟಿದರೆ ಒಮ್ಮೆಲೇ ಶೇ. 17. ಇದರ ಮೇಲೆ ಸೆಸ್ಸು ಬೇರೆ. 12 ಲಕ್ಷಕ್ಕೆ ಶೇ. 17 ಎಂದರೆ 2,04,000 ರೂಪಾಯಿ. ಅಂದರೆ ಅವನು ಕೂಡಿಟ್ಟ ಎರಡು ಲಕ್ಷ ಗಾಡಿ ಶೋರೂಮಿನ ಹೊಸ್ತಿಲು ದಾಟುವ ಮೊದಲೇ ಮುಗಿಯಿತು. ಸಾಲ ಹತ್ತಲ್ಲ, ಹನ್ನೆರಡು. ವಿಮೆ ಅದರ ಮೇಲೆ. ಶೇ. 9.5ರ ಬಡ್ಡಿಯಲ್ಲಿ ಏಳು ವರ್ಷದ ಅವಧಿಗೆ 12 ಲಕ್ಷದ ಕಂತು ತಿಂಗಳಿಗೆ ಸುಮಾರು 19,600. ಕೊನೆಗೆ ಕಟ್ಟಿದ ಮೊತ್ತ 16 ಲಕ್ಷ 47 ಸಾವಿರದಷ್ಟು. ಹೊಲ ತಿಂಗಳ ಸಂಬಳ ಕೊಡುವುದಿಲ್ಲ, ಕಂತು ಮಾತ್ರ ತಿಂಗಳಿಗೊಮ್ಮೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಇನ್ನು ವಿಮೆಯವರು ಬೆಲೆ ಕಟ್ಟುವ ಕ್ರಮ ನೋಡಿ: ಒಂದು ವರ್ಷದೊಳಗೆ ಶೇ. 15 ಕಡಿತ, ಐದು ವರ್ಷ ತುಂಬುವ ಹೊತ್ತಿಗೆ ಅರ್ಧ. ಆರು ಲಕ್ಷವನ್ನು ಐದು ವರ್ಷದ ದಿನಗಳಿಂದ ಭಾಗಿಸಿದರೆ ದಿನಕ್ಕೆ 328 ರೂಪಾಯಿ ಬರುತ್ತದೆ. ಒಂದು ಹನಿ ಪೆಟ್ರೋಲ್ ಸುಡದೆ, ಅಂಗಳದಲ್ಲಿ ಬೇವಿನ ಎಲೆ ಉದುರಿಸಿಕೊಂಡು ನಿಂತ ಕಾರು ತಿನ್ನುವ ಮೇವು ಅದು. ಎಮ್ಮೆಯಾದರೆ ತಿಂದದ್ದಕ್ಕೆ ಹಾಲನ್ನಾದರೂ ಕೊಡುತ್ತದೆ.

ಇನ್ನು ಎತ್ತರದ ಮಾತು. ಬೀಗರು ಹಟ ಹಿಡಿದಿರುವ ಈ ಎತ್ತರದ ಗಾಡಿಗಳ ಹುಟ್ಟನ್ನು ತಿಳಿದುಕೊಂಡರೆ ಒಳ್ಳೆಯದು. 2006ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ನಾಲ್ಕು ಮೀಟರಿಗಿಂತ ಗಿಡ್ಡನೆಯ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ.ಯಲ್ಲೂ ಈ ಗಾತ್ರದವಕ್ಕೆ ಶೇ. 18, ದೊಡ್ಡವಕ್ಕೆ ಶೇ. 40. ಆದ್ದರಿಂದ ಕಂಪನಿಗಳು ಸಣ್ಣ ಕಾರಿನ ತಳಪಾಯವನ್ನೇ ತೆಗೆದುಕೊಂಡು ಮೇಲಕ್ಕೆತ್ತಿ, ದೊಡ್ಡ ಮೂತಿ ಕೂಡಿಸಿ, ಹಿಂಬದಿಯನ್ನು ನಾಲ್ಕು ಮೀಟರಿನೊಳಗೆ ಮೊಟಕುಗೊಳಿಸುತ್ತವೆ. ಇಂಥವುಗಳಲ್ಲಿ ಬಹುತೇಕ ಮುಂದಿನ ಎರಡೇ ಚಕ್ರಗಳಿಂದ ಎಳೆಯುವಂಥವು. ಎರೆಮಣ್ಣಿನ ಕೆಸರಿನಲ್ಲಿ ಸಣ್ಣ ಕಾರು ಹೂತುಕೊಳ್ಳುವಲ್ಲೇ ಇವೂ ಹೂತುಕೊಳ್ಳುತ್ತವೆ. ಎರಡನ್ನೂ ಎಳೆಯಲು ಟ್ರ್ಯಾಕ್ಟರೇ ಬರಬೇಕು. ನಮ್ಮ ಹೊಲದ ದಾರಿಗೆ ಎರಡು ಬೆರಳು ಹೆಚ್ಚಿನ ಎತ್ತರದಿಂದ ಉಪಕಾರವಿಲ್ಲವೆನ್ನಲಾರೆ. ಆದರೆ ಎರಡು ಬೆರಳಿಗೆ ಐದಾರು ಲಕ್ಷವೇ?

ಡೀಸೆಲ್ಲಿನ ಮೋಹವೂ ಹೀಗೆಯೇ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆಗೆದ ಮೇಲೆ ಹಿಂದಿನ ಲಾಭದ ಲೆಕ್ಕ ಹಳೆಯದಾಯಿತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದು ಹೊಗೆಯ ಮಸಿ ಹಿಡಿಯುವ ಸೋಸಣಿಗೆಯೊಂದು ಡೀಸೆಲ್ ಕಾರಿನ ಹೊಗೆಕೊಳವೆಗೆ ಸೇರಿಕೊಂಡಿತು. ಹೆದ್ದಾರಿಯಲ್ಲಿ ಒಂದಷ್ಟು ದೂರ ಬಿರುಸಾಗಿ ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ವಾರಕ್ಕೊಮ್ಮೆ ಹಿರೇಕೆರೂರಿಗೆ ಹೋಗಿ ಬರುವವನ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ, ಫಲಕದಲ್ಲಿ ದೀಪ ಹತ್ತುತ್ತದೆ. ನನ್ನ ನೆರೆಯವರೊಬ್ಬರು ಆ ದೀಪವನ್ನು ಆರಿಸುವುದಕ್ಕಾಗಿಯೇ ಹೆದ್ದಾರಿಗೆ ಹೋಗಿ ಸುಮ್ಮನೆ ಓಡಿಸಿ ಬರುತ್ತಾರೆ.

ಇಲ್ಲಿ ನನ್ನನ್ನು ತಡೆದು ಕೇಳುವವರಿದ್ದಾರೆ: ದೊಡ್ಡ ಗಾಡಿ ಜೀವಕ್ಕೆ ಭದ್ರವಲ್ಲವೇ? ಪ್ರಶ್ನೆ ನ್ಯಾಯವಾದದ್ದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗಿಲ್ಲದ ಐದು ಭಾರತೀಯ ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದಾಗ ಐದಕ್ಕೂ ದೊರೆತದ್ದು ಶೂನ್ಯ. ನನ್ನ ಪ್ರೀತಿಯ 800ರಲ್ಲಿಯೂ ಏರ್‌ಬ್ಯಾಗ್ ಇರಲಿಲ್ಲ. ಅದರಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಓಡಾಡಿದ್ದನ್ನು ನೆನೆದರೆ ಈಗ ಎದೆ ನಡುಗುತ್ತದೆ. ಆದರೆ ಕಾಲ ಬದಲಾಗಿದೆ. 2019ರಿಂದ ಎ.ಬಿ.ಎಸ್. ಬ್ರೇಕ್ ಕಡ್ಡಾಯ, 2022ರಿಂದ ಎಲ್ಲ ಹೊಸ ಕಾರುಗಳಲ್ಲೂ ಮುಂದಿನ ಎರಡು ಆಸನಗಳಿಗೆ ಏರ್‌ಬ್ಯಾಗ್ ಕಡ್ಡಾಯ, 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಿದೆ. ನಕ್ಷತ್ರ ನೋಡಿ ಕೊಳ್ಳಿ, ಎತ್ತರ ನೋಡಿ ಕೊಳ್ಳಬೇಡಿ. ಆ ನಕ್ಷತ್ರಗಳೂ ಬೆಲ್ಟು ಕಟ್ಟಿದ ಬೊಂಬೆಗಳಿಗೆ ದೊರೆತವು. ನಮ್ಮಲ್ಲಿ ದೊಡ್ಡ ಗಾಡಿ ಎಂದರೆ ಹತ್ತು ಜನ ತುಂಬುವ ಗಾಡಿ. ಮುಂದಿನ ಆಸನದಲ್ಲಿ ತಾಯಿಯ ತೊಡೆಯ ಮೇಲೆ ಕೂಸು, ಅದರೆದುರು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ಬರುವ ಏರ್‌ಬ್ಯಾಗ್. 2022ರ ಸೆಪ್ಟೆಂಬರ್ 4ರಂದು ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ದುಬಾರಿ ಕಾರಿನಲ್ಲೇ. ಹಿಂದಿನ ಆಸನದಲ್ಲಿದ್ದ ಅವರು ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಇನ್ನು ಮೂತಿಗೆ ಕಬ್ಬಿಣದ ಗಾರ್ಡ್ ಬೆಸೆಸಿಕೊಳ್ಳುವವರು: ಅದರಿಂದ ಏರ್‌ಬ್ಯಾಗಿನ ಲೆಕ್ಕಾಚಾರವೇ ತಪ್ಪಬಹುದೆಂಬುದು ಅವರ ಗಮನಕ್ಕೆ ಬಂದಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ನನ್ನನ್ನು ಕೇಳಿದರೆ 2022 ಅಥವಾ ಅನಂತರ ತಯಾರಾದ, ಮೂರು ನಾಲ್ಕು ವರ್ಷ ಹಳೆಯ, ಪೆಟ್ರೋಲಿನ ಸಣ್ಣ ಕಾರು. ಬೆಲೆಯ ದೊಡ್ಡ ಕುಸಿತವನ್ನು ಮೊದಲ ಯಜಮಾನ ಉಂಡಿರುತ್ತಾನೆ, ಆಜೀವ ತೆರಿಗೆಯನ್ನೂ ಅವನೇ ಕಟ್ಟಿರುತ್ತಾನೆ. ಮೀಟರಿನ ಅಂಕಿಯನ್ನು ನಂಬಬೇಡಿ, ಪೆಡಲಿನ ರಬ್ಬರು ನೋಡಿ. ಇಪ್ಪತ್ತು ಸಾವಿರ ಕಿಲೋಮೀಟರಿಗೆ ಅದು ನುಣುಪಾಗುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಗೀರುಗಳು ಎಷ್ಟೇ ಆಳವಿರಲಿ, ಆರು ವರ್ಷ ದಾಟಿದ ರಬ್ಬರು ಗಡಸಾಗಿರುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನಮ್ಮ ಸಂಬಂಧಿಕರೊಬ್ಬರ ದೊಡ್ಡ ಗಾಡಿ ಏಳು ವರ್ಷದಲ್ಲಿ ಓಡಿದ್ದೇ ಕಡಿಮೆ. ಟೈರು ಹೊಸದರಂತೆ ಕಾಣುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಹೆದ್ದಾರಿಯಲ್ಲಿ ಅದು ಸಿಡಿದಾಗ ಆ ಕಾರಿನಲ್ಲಿ ನಾನೂ ಇದ್ದೆ. ಗಾಡಿ ನಡುವಿನ ಕಟ್ಟೆಗೆ ಉಜ್ಜಿ ನಿಂತಿತು. ಹಿಂದೆ ಲಾರಿ ಇರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾಗದಪತ್ರಗಳ ವಿಷಯ ಚುಟುಕಾಗಿ: ನೋಂದಣಿ ವರ್ಗಾವಣೆಯೊಡನೆ ವಿಮೆಯನ್ನೂ ಹದಿನಾಲ್ಕು ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮಾರಿದವನ ಮಾತಿನ ಭರವಸೆ ನ್ಯಾಯಾಲಯದಲ್ಲಿ ನಡೆಯದು.

ಇದನ್ನೆಲ್ಲ ಹೇಳಿದರೂ ನನ್ನ ವಿದ್ಯಾರ್ಥಿಗೆ ಉತ್ತರ ಕೊಟ್ಟಂತಾಗಲಿಲ್ಲ. ಅವನು ತನಗೆ ಕಾರು ಕೊಳ್ಳುತ್ತಿಲ್ಲವಲ್ಲ. ಕಾರು ಕೊಡಿ ಎನ್ನುವುದು 1961ರಿಂದ ಈ ದೇಶದಲ್ಲಿ ಅಪರಾಧ. 'ಉಡುಗೊರೆ' ಎಂದು ಕರೆದರೆ ಅದರ ಬಣ್ಣ ಬದಲಾಗುವುದಿಲ್ಲ. ಕೇಳುವವರನ್ನು ಬಿಟ್ಟು, ಕೊಟ್ಟ ಗಾಡಿಯ ಉದ್ದ ಅಗಲ ಅಳೆಯುವ ನಮ್ಮನ್ನೂ ನೋಡಿಕೊಳ್ಳೋಣ. ಮದುವೆ ಮಂಟಪದ ಮುಂದೆ ರಿಬ್ಬನ್ ಕಟ್ಟಿ ನಿಲ್ಲಿಸಿದ ಕಾರಿನ ಸುತ್ತ ನಿಂತು "ಎಷ್ಟಾತಂತ?" ಎಂದು ಕೇಳಿದವರಲ್ಲಿ ನಾನೂ ಒಬ್ಬ. ಕಾರಿನ ಹುಚ್ಚಿನಿಂದ ಕೇಳಿದೆನೆಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಪಕ್ಕದಲ್ಲಿದ್ದ ಹೆಣ್ಣಿನ ತಂದೆ ಬೆಲೆ ಹೇಳಿದ, ಆದರೆ ನನ್ನ ಮುಖ ನೋಡಲಿಲ್ಲ.

ನಿನ್ನೆ ಫೋನ್ ಮಾಡಿ ಅವನಿಗೆ ಈ ಲೆಕ್ಕವನ್ನೆಲ್ಲ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಇದನ್ನ ಅವರ ಮುಂದ ನಾ ಹೆಂಗ ಹೇಳಲ್ರಿ ಸರ್?" ಎಂದ. ನೀನು ಹೇಳಬೇಡ, ನಾನು ಬರುತ್ತೇನೆ ಎಂದೆ. ಸೋಮವಾರ ಮಾತುಕತೆ ಇದೆ. ಲೆಕ್ಕದ ಹಾಳೆ ಅಂಗಿಯ ಜೇಬಿನಲ್ಲಿದೆ.