ಹೊಸ ಊರಿನ ನಡುವೆ ಏನಿರಬೇಕು, ಯಾರೂ ಕೇಳ್ತಿಲ್ಲ

ಬಿಡದಿ ಟೌನ್‌ಷಿಪ್ ಮಾತು ಬಂದ್ರೆ ನಮ್ಮಲ್ಲಿ ಎರಡೇ ಗುಂಪು. ಒಂದು ಗುಂಪು "ಒಂದು ಗುಂಟೆನೂ ಬಿಡಲ್ಲ" ಅನ್ನುತ್ತೆ, ಇನ್ನೊಂದು "ಎಕರೆಗೆ ಎಷ್ಟು ಕೊಡ್ತಾರೆ" ಅನ್ನುತ್ತೆ. ನಾನು ಮೊದಲನೇ ಗುಂಪಿನವನು, ಈ ಪೇಜ್ ಓದೋರಿಗೆಲ್ಲ ಗೊತ್ತು. ಆದ್ರೂ ಇವತ್ತು ಮೂರನೇ ಮಾತು ಹೇಳ್ತೀನಿ, ಬೈಯೋರು ಬೈಯ್ರಪ್ಪ. ಆ ಊರು ಆಗೋದೇ ಆದ್ರೆ ಅದರ ನಡುಮಧ್ಯೆ ಏನಿರಬೇಕು ಅಂತ ನಾವು ಈಗಲೇ ಬಾಯಿಬಿಡಬೇಕು. ಇಲ್ಲಾಂದ್ರೆ ಬೇರೆಯವರು ಗೆರೆ ಎಳೆದು ಮುಗಿಸಿರ್ತಾರೆ.

2006ರಲ್ಲಿ ಐದು ಟೌನ್‌ಷಿಪ್ ಅಂದ್ರು. ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ. ಒಂದೂ ಮೇಲೇಳಲಿಲ್ಲ. 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಕಡೆಗೆ ಮತ್ತೆ ಅಧಿಸೂಚನೆ ಬಂತು. ಈ ಸಲ ಹೆಸರು ಎಐ ಸಿಟಿ. ಕೆಲಸ, ವಾಸ, ಆಟ ಎಲ್ಲಾ ಒಂದೇ ಕಡೆಯಂತೆ. ಮನೆ ಪಕ್ಕ ಕೊಟ್ಟಿಗೆ, ಆಚೆಗೆ ಕಣ, ಊರ ಮುಂದೆ ಅರಳಿಕಟ್ಟೆ ಇಟ್ಕೊಂಡು ಬದುಕಿದವರಿಗೆ ಇದನ್ನ ಹೊಸದು ಅಂತ ಹೇಳೋಕೆ ಬಂದವ್ರೆ!

ಬೆಂಗಳೂರಿನಲ್ಲೇ ನೋಡಿ. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ನಾಲ್ಕನೇ ಬ್ಲಾಕಿನಲ್ಲಿ ಕಾಂಪ್ಲೆಕ್ಸ್ ಕಟ್ಟಿದ್ರು. ತರಕಾರಿ, ಹೂವು, ಬಟ್ಟೆ ಎಲ್ಲ ಅಲ್ಲೇ, ಪಕ್ಕದಲ್ಲೇ ಬಸ್ ಸ್ಟ್ಯಾಂಡು. ಕಟ್ಟಡವೇನು ಚಂದ ಅಂತ ನಾನು ಹೇಳಲ್ಲ, ಕಾಂಕ್ರೀಟಿನ ರಾಶಿ. ಆದ್ರೆ ಬಸ್ಸಿಳಿದವರು ಹತ್ತು ಹೆಜ್ಜೆಗೆ ಸೊಪ್ಪು ಕೊಳ್ತಾರೆ. ಸೊಪ್ಪು ಮಾರೋರೂ ಅದೇ ಬಸ್ಸಲ್ಲಿ ಬರ್ತಾರೆ. ಅದಕ್ಕೇ ಅದು ಇವತ್ತಿಗೂ ಗಿಜಿಗುಡ್ತಾ ಇದೆ. ಕೊಳ್ಳೋರೂ ಮಾರೋರೂ ಕಾಲ್ನಡಿಗೇಲಿ ಸೇರೋ ಜಾಗವೇ ಊರಿನ ನಡು. ಗಾಜಿನ ಆಫೀಸು ನಡು ಆಗಲ್ಲ, ಸಂಜೆ ಬೀಗ ಹಾಕಿದ ಮೇಲೆ ಅಲ್ಲಿ ಸೆಕ್ಯುರಿಟಿಯವನು ಬಿಟ್ರೆ ಯಾರಿರ್ತಾರೆ?

ನಮ್ಮ ಬಿಡದಿ ತಟ್ಟೆ ಇಡ್ಲಿಯನ್ನೇ ತಗೊಳ್ಳಿ. ಯಾವ ಇಂಜಿನಿಯರ್ ನಕ್ಷೆ ಹಾಕಿದ್ದ? ಬಸ್ ನಿಲ್ತಿತ್ತು, ಕಾರು ನಿಲ್ತಿತ್ತು, ಜನ ಇಳಿದು ತಿಂದ್ರು, ಬೀದಿ ಬೆಳೀತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬೈಪಾಸ್ ಆಯ್ತು. ಹಳೇ ರಸ್ತೆಯ ಹೋಟೆಲಿನವರನ್ನ ಕೇಳಿ, ಗಲ್ಲಾಪೆಟ್ಟಿಗೆ ಹೆಂಗಾಯ್ತು ಅಂತ ಹೇಳ್ತಾರೆ. ಜನ ಎಲ್ಲಿ ಇಳೀತಾರೆ ಅನ್ನೋದು ಬದಲಾದ್ರೆ ಊರಿನ ನಡುವೇ ಬದಲಾಗುತ್ತೆ. ಇದು ನಮಗೆ ಕಣ್ಣಾರೆ ಗೊತ್ತು. ಗೊತ್ತಿಲ್ಲದವರು ನಕ್ಷೆ ಬರೀತಾವ್ರೆ.

ಇನ್ನೊಂದು ರೋಗ ಅಂದ್ರೆ ಸೈಟು ಮೊದಲು, ಊರು ಆಮೇಲೆ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಕೆಂಪೇಗೌಡ ಬಡಾವಣೆ ಮಾಡಿದ್ರು, 2016ರಲ್ಲಿ ಸೈಟು ಹಂಚೋಕೆ ಶುರು ಮಾಡಿದ್ರು. ಹಂಚಿ ಎಷ್ಟೋ ವರ್ಷ ಆದ್ರೂ ನೀರು, ಕರೆಂಟು, ರಸ್ತೆಗೆ ಸೈಟಿನವರು ಪ್ರತಿಭಟನೆ ಮಾಡ್ತಾನೇ ಇದ್ರು. ದುಡ್ಡು ಕಟ್ಟಿದವರಿಗೇ ಹಿಂಗಾದ್ರೆ, ಜಮೀನು ಬಿಟ್ಟವರ ಗತಿ ನೀವೇ ಲೆಕ್ಕ ಹಾಕಿ.

ಬೈರಮಂಗಲ ಕೆರೆ ಬಗ್ಗೆ ಹೇಳದಿದ್ರೆ ನನಗೆ ನಿದ್ದೆ ಬರಲ್ಲ. ಬೆಂಗಳೂರಿನ ಕೊಳಚೆಯೆಲ್ಲ ವೃಷಭಾವತಿಯಲ್ಲಿ ಹರಿದು ಬಂದು ಅಲ್ಲಿ ನಿಲ್ಲುತ್ತೆ, ಕೋಡಿಯಲ್ಲಿ ಬಿಳೀ ನೊರೆ ಏಳುತ್ತೆ. ಮುಂದೆ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಇಷ್ಟು ವರ್ಷ ಆ ವಾಸನೆ ಕುಡಿದವರು ನಾವು. ನಾಳೆ ಅದೇ ಕೆರೆ ದಂಡೆಗೆ "ಲೇಕ್ ವ್ಯೂ" ಅಂತ ಬೋರ್ಡು ನೆಟ್ಟು, ಕೆರೆ ತೊಳೆದು ಬೇಲಿ ಹಾಕಿ ಟಿಕೆಟ್ ಇಟ್ರೆ? ಕೆರೆ ಚೊಕ್ಕ ಆಗೋದು ಮೊದಲನೇ ಕೆಲಸ ಆಗಬೇಕು, ಕೊನೇದಲ್ಲ. ದಂಡೆ ಎಲ್ಲರಿಗೂ ತೆರೆದಿರಬೇಕು, ದನಕ್ಕೆ ನೀರು ಕುಡಿಸೋ ದಾರಿನೂ ಸೇರಿ.

ಪರಿಹಾರದ ಜೊತೆಗೆ ಅಭಿವೃದ್ಧಿ ಮಾಡಿದ ಜಾಗದಲ್ಲಿ ಪಾಲು ಅಂತಾರಲ್ಲ, ಎಲ್ಲಿ ಪಾಲು? ಮೂಲೆ ಸೈಟು ಹರಾಜಿಗೆ, ಮುಖ್ಯರಸ್ತೆ ಕಂಪನಿಗೆ, ನಮಗೆ ಮೋರಿ ಪಕ್ಕದ್ದು. ಹಂಗಾಗಬಾರದು ಅಂದ್ರೆ ಜಮೀನು ಕೊಟ್ಟವನ ಪಾಲು ಊರಿನ ನಡುವೆಯೇ, ಅಂಗಡಿ ಇಡೋ ಹಂಗೆ, ಅಂತ ಬರವಣಿಗೆಯಲ್ಲಿ ಬರಬೇಕು. ಸಂತೆ ಮೈದಾನಕ್ಕೆ, ಡೇರಿಗೆ, ತರಕಾರಿ ಇಳಿಸೋಕೆ ಸರ್ವೆ ನಂಬರ್ ಹಾಕಿ ಜಾಗ ಗುರುತಿಸಬೇಕು. ಸ್ಮಶಾನ, ಗುಂಡುತೋಪು, ಜಾತ್ರೆ ತೇರಿನ ಬೀದಿ ಇದ್ದಲ್ಲೇ ಇರಬೇಕು. ಹಳ್ಳಿ ರಸ್ತೆಗಳೆಲ್ಲ ಆ ನಡುವಿಗೇ ಸೇರಬೇಕು. ಕಾಂಪೌಂಡ್ ಹಾಕಿ ನಮ್ಮೂರನ್ನ ಹಿತ್ತಲು ಮಾಡಿದ್ರೆ ಒಪ್ಪೋಕಾಗಲ್ಲ.

"ಇದನ್ನ ಕೇಳಿದ್ರೆ ಜಮೀನು ಕೊಡೋಕೆ ಒಪ್ಪಿದಂಗೆ ಆಗುತ್ತೆ" ಅಂತ ನಮ್ಮ ಗುಂಪಿನ ಹುಡುಗರು ಜಗಳಕ್ಕೆ ಬರ್ತಾರೆ. ಇಲ್ಲ ತಮ್ಮ, ಆಗಲ್ಲ. ಆಕ್ಷೇಪಣೆ ಅರ್ಜೀಲಿ ಮೊದಲನೇ ಸಾಲು "ಜಮೀನು ಕೊಡಲ್ಲ" ಅಂತಾನೇ ಇರ್ಲಿ. ಎರಡನೇ ಸಾಲಿಂದ ಇದನ್ನೆಲ್ಲ ಬರೀರಿ. ಸಂತೆ ಎಲ್ಲಿ ಅಂತ ಅವರ ಕೈಲಿ ಉತ್ತರ ಬರೆಸಿ ನೋಡೋಣ.

ನಕ್ಷೆಯ ಕಾಪಿ ಯಾರ ಹತ್ರ ಇದ್ರೂ ಫೋಟೋ ತೆಗೆದು ಕೆಳಗೆ ಹಾಕಿ. ಸರ್ವೆ ನಂಬರ್ ಓದೋ ಹಂಗೆ ಹತ್ತಿರದಿಂದ ತೆಗೀರಿ.