ಕಾಂಗ್ರೆಸ್ ಗಿಡ ಉಳೀತು, ತುಂಬೆ ಹೋಯ್ತು!

ಪೀಣ್ಯದ ಫ್ಯಾಕ್ಟರಿಗಳ ಮಧ್ಯೆ ಒಂದು ಪುಟ್ಟ ಪಾರ್ಕು. ಶಿಫ್ಟು ಬಿಟ್ಟವರು ಬಸ್ಸು ಬರೋ ತನಕ ಅಲ್ಲಿ ಕೂರುತ್ತಾರೆ. ಮಳೆ ಶುರುವಾದ ಮೇಲೆ ಬೇಲಿ ಪಕ್ಕ ತುಂಬೆ ಅರಳಿತ್ತು, ಜೇನುಹುಳ ಮುತ್ತುತ್ತಿದ್ದವು. ಎಕ್ಕದ ಎಲೆ ಮೇಲೆ ಪಟ್ಟೆ ಪಟ್ಟೆ ಕಂಬಳಿಹುಳ. ನಾಳೆ ಕಿತ್ತಳೆ ಬಣ್ಣದ ಚಿಟ್ಟೆಯಾಗೋದು ಅದೇ. ಒಂದು ದಿನ ಗುತ್ತಿಗೆದಾರನ ಮೆಷಿನ್ನು ಬಂತು, ಅರ್ಧ ಗಂಟೆಯಲ್ಲಿ ಎಲ್ಲಾ ಬೋಳು.

ಎರಡು ವಾರ ಕಳೆದು ನೋಡಿದರೆ ಬುಡದಿಂದ ಚಿಗುರಿ ನಿಂತಿದ್ದು ಕಾಂಗ್ರೆಸ್ ಗಿಡ ಮಾತ್ರ! (ಪಕ್ಷದ ಮಾತಲ್ಲ ಸ್ವಾಮಿ, ಪಾರ್ಥೇನಿಯಂ ಮಾತು.) ಮೈಗೆ ತಗುಲಿದರೆ ತುರಿಕೆ, ಕೆಲವರಿಗೆ ಉಬ್ಬಸ. ಒಂದು ಗಿಡ ಹತ್ತು ಸಾವಿರಕ್ಕೂ ಮೇಲೆ ಬೀಜ ಉದುರಿಸುತ್ತದೆ. ಹೂ ಬಿಟ್ಟ ಮೇಲೆ ಕೊಯ್ದರೆ ಮೆಷಿನ್ನೇ ಬೀಜ ಬಿತ್ತಿದ ಹಾಗೆ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಪೀಡೆ ಕಳೆ ಅಂತ ಘೋಷಿಸಿತ್ತು. ಯಾರಿಗೆ ನೆನಪಿದೆ?

ಮೆಷಿನ್ನಿಗೆ ಬಲಿಯಾದವರಲ್ಲಿ ಇನ್ನೊಬ್ಬನಿದ್ದಾನೆ. ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡ ದುಂಬಿ, ಕೆನೆ ಬಣ್ಣದ ಬೆನ್ನ ಮೇಲೆ ಕಂದು ಗೆರೆ. ಮೆಕ್ಸಿಕೋದಿಂದ 1983ರಲ್ಲಿ ಬಂತು. ನಮ್ಮ ಪಕ್ಕದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷೆ ಮಾಡಿ 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ಅದರ ಅಸಲು ಊಟ ಕಾಂಗ್ರೆಸ್ ಗಿಡ. ಮರಿಹುಳ ಚಿಗುರು ತಿನ್ನುತ್ತೆ, ಗಿಡ ಹೂ ಬಿಡೋದೇ ಕಡಿಮೆ. 1990ರ ದಶಕದ ಮೊದಲಲ್ಲಿ ಸೂರ್ಯಕಾಂತಿ ಮೇಲೆ ಕಂಡು ರೈತರು ಗಾಬರಿಯಾಗಿದ್ದೂ ಉಂಟು. ತನಿಖೆಯಾದ ಮೇಲೆ ಭಯ ತಣ್ಣಗಾಯಿತು.

ಇದೊಂದರಿಂದಲೇ ಕಳೆ ನಿರ್ನಾಮವಾಗುತ್ತೆ ಅಂತ ನಾವು ಹೇಳೋಲ್ಲ. ದುಂಬಿಗೆ ಕೆಲಸ ಮಳೆಗಾಲದಲ್ಲಿ ಮಾತ್ರ, ಆಮೇಲೆ ಮಣ್ಣಿನೊಳಗೆ ನಿದ್ದೆ. ಆದರೆ ಅದು ಮೊಟ್ಟೆ ಇಟ್ಟು, ಮರಿ ಮೇಯೋ ತಿಂಗಳಲ್ಲೇ ಎಲೆ ಸಮೇತ ಕೊಯ್ದು ಕಸದ ಗಾಡಿಗೆ ಹಾಕೋದು ಯಾವ ಲೆಕ್ಕ? ಪುಕ್ಕಟೆ ಕೂಲಿಯವನನ್ನು ಓಡಿಸಿ, ಸಂಬಳದ ಮೆಷಿನ್ನು ತಂದ ಹಾಗಾಯಿತು. ದುಂಬಿ ಇರುವ ಕಡೆ ಬಿಟ್ಟು, ಇಲ್ಲದ ಕಡೆ ಹೂ ಬಿಡೋ ಮುಂಚೆ ಕೈಗೆ ಗ್ಲೌಸು ಕೊಟ್ಟು ಬೇರು ಸಮೇತ ಕೀಳಿಸಲಿ. ತುಂಬೆ ಬೆಳೆದರೆ ಯಾರಿಗೆ ನಷ್ಟ?

ಮೊನ್ನೆ ಸಂಜೆ ಬೇಲಿ ಮೂಲೆಯಲ್ಲಿ ಮೆಷಿನ್ನಿಗೆ ಸಿಗದ ಒಂದು ಗಿಡದ ಮೇಲೆ ನಾಲ್ಕು ದುಂಬಿ ಕಂಡವು. ಮುಂದಿನ ಕೊಯ್ಲು ಯಾವಾಗ ಅಂತ ಕೆಲಸದವನನ್ನು ಕೇಳಿದೆವು. 'ಬಿಲ್ಲು ಪಾಸಾದ ಮೇಲೆ ಸಾರ್' ಅಂದ.